ಅಪ್ಪನ ಮುಷ್ಟಿ

ಅಪ್ಪನಿಗೆ ಸ್ಟ್ರೋಕ್ ಆಗಿ ಏಳು ತಿಂಗಳಾಗಿತ್ತು. ಮಾತು ಬಂತು, ಕೋಲು ಹಿಡಿದು ನಡೆಯೋದೂ ಬಂತು. ಎಡಗೈ ಮಾತ್ರ ಮಡಚಿಕೊಂಡು, ಮುಷ್ಟಿ ಬಿಗಿದು ಎದೆಗೆ ಅಂಟಿಕೊಂಡಿತ್ತು. ಉಗುರು ಕತ್ತರಿಸೋದೇ ಅಮ್ಮನಿಗೆ ದೊಡ್ಡ ಕೆಲಸ. ಅಂಗೈಗೆ ಉಗುರು ಒತ್ತಿ ಗಾಯವಾಗಿ, ವಾಸನೆ ಬರೋಕೆ ಶುರುವಾಯ್ತು. "ಸ್ವಲ್ಪ ಸಡಿಲ ಬಿಡಿ ಅಪ್ಪಾ" ಅಂತ ನಾನು ರೇಗಿದ್ದೂ ಇದೆ.

"ಅದು ಅವರ ಕೈಲಿಲ್ಲ" ಅಂದರು ಫಿಸಿಯೋಥೆರಪಿಸ್ಟ್. ಸ್ನಾಯುವನ್ನು ಎಳೆದರೆ ಅದು ತಾನಾಗಿ ಬಿಗಿಯೋದು ಬೆನ್ನುಹುರಿಯ ಕೆಲಸ. ಅದಕ್ಕೆ ಬ್ರೇಕ್ ಹಾಕೋದು ಮಿದುಳು. ಸ್ಟ್ರೋಕ್‌ನಲ್ಲಿ ಆ ಬ್ರೇಕ್ ಹೋಗಿರುತ್ತೆ. ವೇಗವಾಗಿ ಎಳೆದಷ್ಟೂ ಹೆಚ್ಚು ಬಿಗಿಯುತ್ತೆ. ಇದೇ ಸ್ಪಾಸ್ಟಿಸಿಟಿ.

ಅವರು ಶಾಕ್ ವೇವ್ ಥೆರಪಿ ಸೂಚಿಸಿದಾಗ ಅಮ್ಮ "ಕರೆಂಟ್ ಕೊಡ್ತಾರಾ?" ಅಂತ ಹೆದರಿದಳು. ಕರೆಂಟ್ ಅಲ್ಲ, ಒತ್ತಡದ ಅಲೆ. 1980ರಲ್ಲಿ ಮ್ಯೂನಿಕ್‌ನಲ್ಲಿ ಕಿಡ್ನಿ ಕಲ್ಲು ಒಡೆಯೋಕೆ ಬಳಸಿದ ತಂತ್ರದಿಂದ ಬಂದದ್ದು, ಇಲ್ಲಿ ಶಕ್ತಿ ಕಡಿಮೆ. 2005ರಲ್ಲಿ ಇಟಲಿಯ ವೈದ್ಯರು 20 ಸ್ಟ್ರೋಕ್ ರೋಗಿಗಳಿಗೆ ಇದನ್ನು ಕೊಟ್ಟು, ಬಿಗಿತ ಕೆಲವು ವಾರಗಳ ಕಾಲ ಇಳಿದಿದ್ದನ್ನು ಪ್ರಕಟಿಸಿದ್ದರು. ರಾತ್ರಿ ಕೂತು ಅದನ್ನೆಲ್ಲ ಓದಿದೆ. ಇಂಜಿನಿಯರ್ ತಲೆ ನೋಡಿ, ಬಗ್ ಸಿಕ್ತು, ಫಿಕ್ಸೂ ಸಿಕ್ತು ಅನ್ನಿಸಿತು.

ಮುಂಗೈಗೆ ಜೆಲ್ ಹಚ್ಚಿ, ಗನ್ನಿನಂಥ ಉಪಕರಣ ಒತ್ತಿ ಟಕಟಕಟಕ ಅಂತ ಬಡಿತ. ಹತ್ತು ನಿಮಿಷವೂ ಇಲ್ಲ. ವಾರಕ್ಕೊಂದು ಸಲ. ಮೂರನೇ ವಾರ ಫಿಸಿಯೋ ನಿಧಾನವಾಗಿ ಬಿಡಿಸಿದಾಗ ಬೆರಳುಗಳು ತೆರೆದುಕೊಂಡವು. ಬಿಗಿತ ಅಳೆಯುವ 0ರಿಂದ 4ರ ಆಶ್‌ವರ್ತ್ ಅಳತೆಯಲ್ಲಿ 3 ಇದ್ದದ್ದು 2ಕ್ಕೆ ಇಳಿದಿತ್ತು. ನನಗೆ ಖುಷಿ ತಡೆಯಲಿಲ್ಲ. "ಅಪ್ಪಾ, ಈಗ ನೀವೇ ಬೆರಳು ಎತ್ತಿ" ಅಂದೆ.

ಅಪ್ಪ ತಮ್ಮ ಕೈಯನ್ನೇ ನೋಡುತ್ತಾ ಕೂತರು. ಬೆರಳು ಅಲ್ಲಾಡಲಿಲ್ಲ.

ಸಡಿಲವಾಗೋದು ಬೇರೆ, ಶಕ್ತಿ ಬರೋದು ಬೇರೆ ಅಂತ ಆಗ ಅರ್ಥವಾಯ್ತು. ಮಷೀನ್ ಕೊಡೋದು ಕೆಲವು ವಾರಗಳ ಅವಕಾಶ ಅಷ್ಟೇ. ಆ ಸಮಯದಲ್ಲಿ ದಿನಾ ಸ್ಟ್ರೆಚ್ ಮಾಡಿಸಬೇಕು, ರಾತ್ರಿ ಸ್ಪ್ಲಿಂಟ್ ಕಟ್ಟಬೇಕು. ಇಲ್ಲದಿದ್ದರೆ ಕೈ ಮತ್ತೆ ಬಿಗಿದುಕೊಳ್ಳುತ್ತೆ.

ಮನೆಗೆ ಬಂದು ಹಳೇ ಡಿಸ್ಚಾರ್ಜ್ ಹಾಳೆ ಹುಡುಕಿದೆ. ಕೊನೇ ಪುಟದಲ್ಲಿ ಕೈಗೆ ಮಾಡಿಸಬೇಕಾದ ವ್ಯಾಯಾಮ ಚಿತ್ರಸಮೇತ ಇತ್ತು. ಅದರ ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದವನು ನಾನೇ. ನಾಲ್ಕು ದಿನ ಮಾಡಿಸಿದ್ದೆ. ಆಮೇಲೆ ರಿಲೀಸ್ ಬಂತು, ಕಾಲ್‌ಗಳು ಬಂದವು. ದಿನಾ ಮಾಡಿಸಿದ್ದರೂ ಬಿಗಿತ ಬರುತ್ತಿತ್ತೇನೋ. ಆದರೆ ಅಂಗೈ ಗಾಯ ಆಗೋವರೆಗೂ ನಾವು ಆ ಕೈಯನ್ನು ಸರಿಯಾಗಿ ನೋಡಿರಲೇ ಇಲ್ಲ.

ನಿಮ್ಮ ಮನೆಯಲ್ಲೂ ಹೀಗಿದ್ದರೆ, ಡಾಕ್ಟರ್ ಹತ್ತಿರ ಶಾಕ್ ವೇವ್ ಬಗ್ಗೆ ಖಂಡಿತ ಕೇಳಿ. ಜೊತೆಗೆ, ಸೆಷನ್ ಮುಗಿದ ಮೇಲೆ ಮನೆಯಲ್ಲಿ ಯಾರು, ಎಷ್ಟು ಹೊತ್ತಿಗೆ ವ್ಯಾಯಾಮ ಮಾಡಿಸ್ತೀರಿ ಅಂತಲೂ ಮೊದಲೇ ತೀರ್ಮಾನಿಸಿ.

ನಮ್ಮನೇಲಿ ರಾತ್ರಿ ಒಂಬತ್ತಕ್ಕೆ ನನ್ನ ಸರದಿ. ಬೆಚ್ಚಗಿನ ನೀರಲ್ಲಿ ಅಂಗೈ ತೊಳೆದು, ಒಂದೊಂದೇ ಬೆರಳು ಬಿಡಿಸಿ ಮೂವತ್ತು ಎಣಿಸ್ತೀನಿ. ಗಾಯ ಮಾಗಿದೆ. ಭಾನುವಾರ ಉಗುರು ಕತ್ತರಿಸೋದೂ ನಾನೇ. ಇಪ್ಪತ್ತಕ್ಕೇ ನಿಲ್ಲಿಸಿದರೆ ಅಪ್ಪ ಬಿಡಲ್ಲ, "ಇನ್ನೂ ಹತ್ತು ಬಾಕಿ ಇದೆ ಕಣೋ" ಅಂತಾರೆ.