ಮುಳುಗಡೆ ಊರಿನ ಮನೆಲೆಕ್ಕ

ಸಾಗರ
ಮೇ 2026

ಪ್ರೀತಿಯ ಅಪ್ಪಿ,

ಅಮ್ಮಮ್ಮನ ವರ್ಷಾಂತಿಕ ಚೆನ್ನಾಗಿ ಮುಗಿಯಿತು. ನಿನಗೆ ರಜೆ ಸಿಗಲಿಲ್ಲವೆಂದು ಯಾರಿಗೂ ಬೇಸರವಿಲ್ಲ, ನಿನ್ನ ಪಾಲಿನ ವಡೆ ನಾನೇ ತಿಂದೆ. ಮಾರನೇ ದಿನ ಮಾವ ಜೀಪು ತೆಗೆದು, "ಹತ್ತು, ಅಮ್ಮನ ಊರಿನ ಕಡೆ ಹೋಗಿ ಬರೋಣ" ಎಂದ.

ಹೊಳೆಬಾಗಿಲಿನಲ್ಲಿ ಈಗ ಲಾಂಚಿಗೆ ಕಾಯುವ ಸಾಲಿಲ್ಲ. ಹೋದ ಜುಲೈಯಲ್ಲಿ ತೆರೆದ ಸೇತುವೆ ಎರಡು ಕಿಲೋಮೀಟರಿಗೂ ಉದ್ದ. ಅಂಬಾರಗೋಡ್ಲು ಬಿಟ್ಟೆವು ಎನ್ನುವಷ್ಟರಲ್ಲಿ ಕಳಸವಳ್ಳಿ. ತುಮರಿ ಕಡೆಯ ನೆಂಟರು ಕೊನೇ ಲಾಂಚು ತಪ್ಪಿತೆಂದು ನಮ್ಮಲ್ಲೇ ಉಳಿಯುತ್ತಿದ್ದರಲ್ಲ, ಇನ್ನು ಆ ನೆಪ ನಡೆಯುವುದಿಲ್ಲ! ಅಮ್ಮಮ್ಮನಿಗೆ ಇದು ಹಿಡಿಸುತ್ತಿರಲಿಲ್ಲವೇನೋ. ಅವಳಿಗೆ ನೆಂಟರೆಂದರೆ ರಾತ್ರಿ ಉಳಿಯಬೇಕು, ಬೆಳಿಗ್ಗೆ ತೆಳ್ಳೇವು ತಿಂದೇ ಹೊರಡಬೇಕು.

ವಾಪಸು ಬರುವಾಗ ಮಡೆನೂರಿನ ಕಡೆ ದಂಡೆಗೆ ಇಳಿದೆವು. ನೀರು ತಳ ಕಂಡಿದ್ದರಿಂದ ಹಿರೇಭಾಸ್ಕರ ಅಣೆಕಟ್ಟೆ ಎದ್ದು ನಿಂತಿತ್ತು. 1948ರ ಹೊತ್ತಿಗೆ ಮುಗಿದಿದ್ದ ಆ ಅಣೆಕಟ್ಟೆಯನ್ನೇ 1964ರಲ್ಲಿ ಲಿಂಗನಮಕ್ಕಿ ಜಲಾಶಯ ನುಂಗಿತು, ಜೊತೆಗೆ ಅಮ್ಮಮ್ಮನ ಊರನ್ನೂ. ಆಗ ಅಮ್ಮಮ್ಮನಿಗೆ 31 ವರ್ಷ, ಕಂಕುಳಲ್ಲಿ ನಮ್ಮ ಅಮ್ಮ. ಬಾಗಿಲು, ದಾರಂದ, ಹೆಂಚು ಎಲ್ಲ ಕಳಚಿ ಗಾಡಿಗೆ ಹೇರಿದರಂತೆ. ಹೊಳೆಯಂಚಿನ ಅಪ್ಪೆ ಮರವನ್ನು ಹೇರಲಾದೀತೇ? ಅದರ ಕೊನೇ ಬೆಳೆಯ ಮಿಡಿ ಉಪ್ಪುನೀರಿನ ಭರಣಿಯಲ್ಲಿ ಬಂತು. ಅಷ್ಟೂ ಮಂದಿಗೆ ಒಂದೇ ಕಡೆ ಜಮೀನು ಸಿಗಲಿಲ್ಲ. ಒಬ್ಬ ವಾರಗಿತ್ತಿ ಹೊಸನಗರದ ಕಡೆ, ಇನ್ನೊಬ್ಬಳು ಶಿವಮೊಗ್ಗದ ಕಡೆ. ಕರೆಂಟಿಗಾಗಿ ಊರು ಬಿಟ್ಟವರ ಹೊಸ ಮನೆಯಲ್ಲಿ ಎಷ್ಟೋ ವರ್ಷ ಚಿಮಣಿ ಬುಡ್ಡಿಯೇ ಗತಿ.

ಅಮ್ಮಮ್ಮನನ್ನು ನಾವು ಉಪ್ಪಿನಕಾಯಿಗೆ, ತಂಬುಳಿಗೆ, ಬೈಗುಳಕ್ಕೆ ನೆನೆಯುತ್ತೇವೆ. ದಂಡೆಯ ಮೇಲೆ ಮಾವ ಬೇರೆಯೇ ಮಾತು ಹೇಳಿದ. ಚದುರಿದ ಊರು ಅವಳ ಅಡುಗೆಮನೆಯಲ್ಲಿ ಕೂಡಿತ್ತು ಎಂದ. ಯಾರ ಮಗಳಿಗೆ ಬಾಣಂತನ, ಯಾರ ತೋಟಕ್ಕೆ ಕೊಳೆರೋಗ, ಯಾವ ಹುಡುಗನ ಜಾತಕ ಎಲ್ಲಿ ಕೂಡಿತು, ಎಲ್ಲ ಅವಳಿಗೆ ಗೊತ್ತು. ಮದುವೆ ಕಾಗದ ಹಂಚುವವರು ಮೊದಲು ಅವಳ ಹತ್ತಿರ ಬಂದು ಪಟ್ಟಿ ಸರಿಮಾಡಿಸಿಕೊಳ್ಳುತ್ತಿದ್ದರಂತೆ. ಮಾತು ಬಿಟ್ಟ ಅಣ್ಣತಮ್ಮಂದಿರನ್ನು ಬೇಕೆಂದೇ ಒಂದೇ ಪಂಕ್ತಿಯಲ್ಲಿ ಕೂರಿಸಿ, ಎದುರು ನಿಂತು ಬಡಿಸುತ್ತಿದ್ದಳಂತೆ.

ಕೊನೇ ವರ್ಷ ತಿಂಡಿ ತಿಂದದ್ದೂ ಮರೆಯುತ್ತಿದ್ದಳು, ನಿನಗೆ ಗೊತ್ತಲ್ಲ. ಆದರೆ ಊರಿನ ಮನೆಗಳನ್ನು ಕೆಳಕೇರಿಯಿಂದ ಮೇಲಕ್ಕೆ ಒಂದೂ ತಪ್ಪದೆ ಹೇಳುತ್ತಿದ್ದಳು. ನಾವು ಅರಳುಮರಳು ಎಂದುಕೊಂಡು ಹೂಂಗುಟ್ಟಿದೆವು. ಮಾವ ಮಾತ್ರ ಹಳೇ ಡೈರಿಯಲ್ಲಿ ಅಷ್ಟಷ್ಟು ಬರೆದಿಟ್ಟಿದ್ದಾನೆ. ಕೆಳಕೇರಿ ಪೂರ್ತಿಯಿದೆ, ಮೇಲಿನದು ಅರ್ಧಕ್ಕೇ ನಿಂತಿದೆ. ನೀನು ವಿಡಿಯೋ ಕರೆ ಮಾಡಿದಾಗ ಅವಳ ಮಾತು ಉಳಿಸಿಟ್ಟುಕೊಂಡಿದ್ದೆಯಲ್ಲ? ಅದನ್ನು ಕೇಳಿ, ಸಿಕ್ಕ ಹೆಸರುಗಳನ್ನು ಬರೆದು ಕಳಿಸು. ಹೊಸನಗರದ ದೊಡ್ಡಮ್ಮನಿಗೆ 88, ಕಿವಿ ಮಂದ, ನೆನಪು ಚುರುಕು. ಮಳೆ ಹಿಡಿಯುವ ಮೊದಲು ಅವರ ಮುಂದೆ ಕೂತು ಉಳಿದ ಮನೆಗಳನ್ನು ತುಂಬಿಸಬೇಕು.

ಇತಿ ನಿನ್ನ
ಅಕ್ಕ