ಕಲಿಯುವ ಕೈ

ನನ್ನ ತಮ್ಮನ ಮಗಳು ಕಣ್ಣಿನ ಡಾಕ್ಟರು. ಈ ಮಾತನ್ನು ಚಿಂತಾಮಣಿಯಲ್ಲಿ ನಾನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಹಾಲಿನ ಬೂತಿನಲ್ಲಿ ಹೇಳಿದ್ದೇನೆ, ಟೊಮೇಟೊ ಮಂಡಿಯ ಗದ್ದಲದಲ್ಲಿ ಹೇಳಿದ್ದೇನೆ, ಕೈವಾರಕ್ಕೆ ಹೋಗುವ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ತಪ್ಪಿಗೆ ಒಬ್ಬ ಅಪರಿಚಿತರಿಗೂ ಹೇಳಿದ್ದೇನೆ. ಆದರೆ ಹೇಳಿದಾಗಲೆಲ್ಲ ಒಂದು ತೊಡಕು. ಐದೂವರೆ ವರ್ಷ ಎಂ.ಬಿ.ಬಿ.ಎಸ್., ಅದರ ಮೇಲೆ ಮೂರು ವರ್ಷ ಎಂ.ಎಸ್. ಮುಗಿಸಿಯೂ ಆಕೆ ಇನ್ನೂ ಓದುತ್ತಿದ್ದಾಳೆ. ಎದುರು ಮನೆಯ ಅಜ್ಜಿ, "ಇಂಕಾ ಚದುವುತಾನೇ ಉಂದಾ?" ಎಂದು ಕೇಳುತ್ತಾರೆ. ನಮ್ಮೂರಿನಲ್ಲಿ ಕನ್ನಡ ತೆಲುಗು ಎರಡೂ ಒಂದೇ ಬಾಯಿಯಲ್ಲಿ ಸಂಸಾರ ಮಾಡುತ್ತವೆ. ಇನ್ನೂ ಓದುತ್ತಲೇ ಇದ್ದಾಳೆಯೇ ಎಂದರೆ, ಮದುವೆ ಯಾವಾಗ ಎಂದು ಅರ್ಥ.

ಆಕೆ ದೂರದ ಊರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಮಾಡುತ್ತಿರುವುದು ಫೆಲೋಷಿಪ್, ಎರಡು ವರ್ಷದ್ದು. ಬೆಂಗಳೂರಿನಲ್ಲಿಯೂ ಇಂಥವು ಇವೆ. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯವೇ ಕೊಡುತ್ತದೆ. ನಾವು ಹುಡುಗರಾಗಿದ್ದಾಗ ಕಣ್ಣಿನ ಡಾಕ್ಟರೆಂದರೆ ಡಾ. ಎಂ. ಸಿ. ಮೋದಿ; ಊರೂರಿಗೆ ಹೋಗಿ ಶಿಬಿರ ಹೂಡಿ ಸಾಲುಸಾಲಾಗಿ ಪೊರೆ ತೆಗೆದವರು. ಅದು ಕಣ್ಣಿನ ಮುಂಬಾಗಿಲ ಕೆಲಸ. ತಮ್ಮನ ಮಗಳದು ಹಿತ್ತಲ ಕಡೆಯ ಕೆಲಸ: ಅಕ್ಷಿಪಟಲ. ಕಣ್ಣಿನ ಹಿಂಗೋಡೆಗೆ ಅಂಟಿದ ತೆಳುವಾದ ಪದರ ಅದು. ಅದರ ಮೇಲಿಂದ ಕೆಲವು ರೋಗಿಗಳಿಗೆ ಸುಲಿದು ತೆಗೆಯಬೇಕಾದ ಪೊರೆಯೊಂದಿದೆಯಂತೆ. ದಪ್ಪ ಎರಡು ಮೂರು ಮೈಕ್ರಾನ್, ಎಂದರೆ ತಲೆಗೂದಲಿನ ಇಪ್ಪತ್ತರಲ್ಲಿ ಒಂದು ಪಾಲೂ ಇಲ್ಲ. ನೀಲಿ ಬಣ್ಣ ಹಾಕದಿದ್ದರೆ ಸೂಕ್ಷ್ಮದರ್ಶಕದಲ್ಲಿಯೂ ಕಾಣಿಸುವುದು ಕಷ್ಟ. ಮೊದಮೊದಲು ಆಡಿನ ಕಣ್ಣಿನ ಮೇಲೆ ಅಭ್ಯಾಸ, ಆಮೇಲೆ ಯಂತ್ರದೊಳಗಿನ ಸುಳ್ಳು ಕಣ್ಣಿನ ಮೇಲೆ. ಆಮೇಲೆ?

ಆಮೇಲೆ ಏನು ಎಂದು ನಾನು ಕೇಳಿರಲಿಲ್ಲ. ಕಳೆದ ವರ್ಷ ಒಂದು ಸಂಜೆ ಆಕೆ ಫೋನ್ ಮಾಡಿ, "ದೊಡ್ಡಪ್ಪಾ, ಇವತ್ತು ಒಂದು ಡಿಟ್ಯಾಚ್‌ಮೆಂಟ್ ಪೂರ್ತಿ ನಾನೇ ಮಾಡಿದೆ. ಸರ್ ಪಕ್ಕದಲ್ಲಿ ಕೂತು ನೋಡಿದರು ಅಷ್ಟೆ" ಎಂದಳು. ಗಂಟಲು ಸ್ವಲ್ಪ ನಡುಗುತ್ತಿತ್ತು. ನಾನು ಅರ್ಧ ಕಿಲೋ ಮೈಸೂರುಪಾಕು ತಂದು ಬೀದಿಗೆಲ್ಲ ಹಂಚಿದೆ. ಯಾರ ಕಣ್ಣು ಎಂದು ಆಕೆ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮೈಸೂರುಪಾಕು ಹಂಚಿ ಹದಿನೈದು ದಿನ ಆಗಿರಬಹುದು. ರಾತ್ರಿ ದೀಪ ಆರಿಸಿದ ಮೇಲೆ ಎಡಗಣ್ಣಿನಲ್ಲಿ ಮಿಂಚು ಹೊಡೆದ ಹಾಗಾಯಿತು. ಮಳೆ ಬರುತ್ತದೆ ಎಂದೆ. ಹೆಂಡತಿ ಕಿಟಕಿ ತೆಗೆದು ನೋಡಿ, ನಕ್ಷತ್ರ ಇವೆ ಎಂದಳು. ಬೆಳಿಗ್ಗೆ ಕಣ್ಣ ಮುಂದೆ ಕರೀ ನುಸಿಗಳ ಹಿಂಡು. ಮೂರನೆಯ ದಿನ ಮೂಗಿನ ಕಡೆಯಿಂದ, ಕೆಳಗಿನಿಂದ, ಒಂದು ಕಪ್ಪು ಪರದೆ ಮೇಲೇಳತೊಡಗಿತು. ಪೊರೆ ಇರಬೇಕು, ಮಾಗಲಿ ಎಂದು ಹಿರಿಯರೊಬ್ಬರು ಧೈರ್ಯ ಹೇಳಿದರು. ತಮ್ಮನ ಮಗಳಿಗೆ ಮಾತಿನ ನಡುವೆ ಹೇಳಿದಾಗ ಆಕೆ ಹೇಳಿದ್ದು ಒಂದೇ ಮಾತು: "ದೊಡ್ಡಪ್ಪಾ, ನಾಳೆ ಅಲ್ಲ, ಈಗ ಬಸ್ ಹತ್ತಿ."

ಹೊಸಕೋಟೆಯ ಮೇಲೆ ಬೆಂಗಳೂರು ತಲುಪಿ, ಆಕೆ ಹೇಳಿದ್ದ ಆಸ್ಪತ್ರೆಗೆ ಹೋದೆವು. ನನ್ನನ್ನು ಮೊದಲು ನೋಡಿದ್ದು ಮೂವತ್ತು ದಾಟಿರದ ಒಬ್ಬ ಹುಡುಗ, ರಾಯಚೂರು ಕಡೆಯ ಮಾತು. ಅವನೂ ಫೆಲೋ. ಅಂಗಾತ ಮಲಗಿಸಿ, ತಲೆಗೆ ಗಣಿ ಕೆಲಸದವರ ಹಾಗೆ ದೀಪ ಕಟ್ಟಿಕೊಂಡು, ಕೈಯಲ್ಲಿ ಒಂದು ಗಾಜು ಹಿಡಿದು ಇಣುಕಿದ. ನನ್ನ ಎದೆಯ ಮೇಲೆಯೇ ಒಂದು ಕಾಗದ ಇಟ್ಟು ಬಣ್ಣದ ಪೆನ್ಸಿಲಿನಿಂದ ಬರೆಯತೊಡಗಿದ. ಕಾಗದ ತಲೆಕೆಳಗಾಗಿತ್ತು. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದವನು ನಾನು, ಸುಮ್ಮನಿರಲಾಗಲಿಲ್ಲ. "ಕಾಗದ ತಿರುಗಿಸಪ್ಪ" ಎಂದೆ. ಅವನು ನಕ್ಕ. ಆ ಗಾಜಿನಲ್ಲಿ ಚಿತ್ರ ತಲೆಕೆಳಗಾಗಿ, ಎಡಬಲ ಅದಲುಬದಲಾಗಿ ಕಾಣುತ್ತದಂತೆ. ಅದಕ್ಕೆ ಕಾಗದವನ್ನೇ ತಿರುಗಿಸಿಟ್ಟುಕೊಂಡು ಬರೆಯುವುದು. ಅಂಟಿಕೊಂಡಿರುವ ಪಟಲಕ್ಕೆ ಕೆಂಪು, ಕಿತ್ತು ಬಂದದ್ದಕ್ಕೆ ನೀಲಿ. ನನ್ನ ಕಾಗದದಲ್ಲಿ ಮೂರರಲ್ಲೊಂದು ಪಾಲು ನೀಲಿ ಇತ್ತು. ಗೋಡೆಯ ಸುಣ್ಣ ಬಿರುಕು ಬಿಟ್ಟು, ಒಳಗೆ ನೀರು ಇಳಿದು, ಹಪ್ಪಳದ ಹಾಗೆ ಎದ್ದು ಬರುತ್ತದಲ್ಲ, ಹಾಗೆ.

ಆ ತಲೆದೀಪದ ಚರಿತ್ರೆಯನ್ನು ತಮ್ಮನ ಮಗಳು ಒಮ್ಮೆ ಹೇಳಿದ್ದಳು. ಅದನ್ನು ರೂಪಿಸಿದವರು ಚಾರ್ಲ್ಸ್ ಶೆಪೆನ್ಸ್, ಬೆಲ್ಜಿಯಮ್ಮಿನವರು. ಎರಡನೆಯ ಮಹಾಯುದ್ಧದಲ್ಲಿ ಸುಳ್ಳು ಹೆಸರಿಟ್ಟುಕೊಂಡು ಫ್ರಾನ್ಸಿನ ಗಡಿಯ ಬೆಟ್ಟದಲ್ಲಿ ಮರ ಕೊಯ್ಯುವ ಕಾರ್ಖಾನೆ ನಡೆಸುತ್ತ, ನಾಟ್ಸಿಗಳ ಕಣ್ಣು ತಪ್ಪಿಸಿ ನೂರಕ್ಕೂ ಹೆಚ್ಚು ಜನರನ್ನು ಸ್ಪೇನಿಗೆ ದಾಟಿಸಿದವರು! ಆಮೇಲೆ ಬಾಸ್ಟನ್ನಿಗೆ ಹೋಗಿ ಅಕ್ಷಿಪಟಲಕ್ಕೆಂದೇ ಫೆಲೋಷಿಪ್ ಆರಂಭಿಸಿದರು. ಅವರ ಬಳಿ ಕಲಿತು ಬಂದ ಡಾ. ಎಸ್. ಎಸ್. ಬದರೀನಾಥ್ 1978ರಲ್ಲಿ ಚೆನ್ನೈನಲ್ಲಿ ಶಂಕರ ನೇತ್ರಾಲಯ ಸ್ಥಾಪಿಸಿ ಇನ್ನೆಷ್ಟೋ ಜನರನ್ನು ತಯಾರು ಮಾಡಿದರು. ಈ ವಿದ್ಯೆಯೆಲ್ಲ ಹೀಗೆ ಕೈಯಿಂದ ಕೈಗೆ ಬಂದದ್ದು. 1920ರ ದಶಕದಲ್ಲಿ ಲೋಸಾನಿನ ಜೂಲ್ ಗೋನನ್ ಹರಿದ ಜಾಗವನ್ನು ಹುಡುಕಿ ಸುಟ್ಟು ಮುಚ್ಚುವುದನ್ನು ತೋರಿಸಿಕೊಡುವವರೆಗೆ ನನ್ನಂಥವನಿಗೆ ಕುರುಡೇ ಗತಿ.

ಇಷ್ಟೆಲ್ಲ ತಿಳಿದವನು ನಾನು. ಆದರೂ ಒಪ್ಪಿಗೆ ಪತ್ರ ಮುಂದೆ ಬಂದಾಗ ಏನು ಮಾಡಿದೆ? ಶಸ್ತ್ರಚಿಕಿತ್ಸೆಯಲ್ಲಿ ಕಲಿಯುತ್ತಿರುವ ವೈದ್ಯರೂ ಹಿರಿಯರ ಮೇಲ್ವಿಚಾರಣೆಯಲ್ಲಿ ಭಾಗವಹಿಸಬಹುದು ಎಂಬ ಸಾಲಿಗೆ ಬೆರಳಿಟ್ಟು, "ಇದು ಬೇಡ. ದೊಡ್ಡ ಡಾಕ್ಟರೇ ಮಾಡಬೇಕು" ಎಂದೆ. ಹುಡುಗ ಪಕ್ಕದಲ್ಲಿಯೇ ನಿಂತಿದ್ದ. ಮುಖ ಬಾಡಲಿಲ್ಲ, ಇಂಥದು ಅವನಿಗೆ ಅಭ್ಯಾಸವಾಗಿತ್ತೆಂದು ಕಾಣುತ್ತದೆ. "ಆಗಲಿ ಸರ್, ಹೇಳ್ತೀನಿ" ಎಂದ.

ಹೆಂಡತಿ ಮೆಲ್ಲಗೆ ಕೇಳಿದಳು: "ನಮ್ಮ ಹುಡುಗೀಗೂ ಯಾರೋ ಹೀಗೆ ಅಂದಿರ್ತಾರೆ, ಅಲ್ಲವೇ?"

ನಾನು ಉತ್ತರ ಕೊಡಲಿಲ್ಲ. ಮೊದಲನೇ ವರ್ಷ ಮೇಷ್ಟ್ರಾದಾಗ ಬೀಜಗಣಿತವನ್ನು ತಪ್ಪು ಹೇಳಿಕೊಟ್ಟು, ಮರುದಿನ ಬೋರ್ಡಿನ ಮೇಲೆ ತಿದ್ದಿದ್ದು ನೆನಪಾಯಿತು. ಅಲ್ಲಿ ಬೋರ್ಡು ಒರೆಸಬಹುದಿತ್ತು. ಹತ್ತು ನಿಮಿಷ ಕುಳಿತಿದ್ದು, ಆ ಸಾಲನ್ನು ಹಾಗೆಯೇ ಬಿಟ್ಟು ರುಜು ಹಾಕಿದೆ. ಔದಾರ್ಯವೆಂದು ಯಾರೂ ಭಾವಿಸಬಾರದು, ಕೈ ನಡುಗುತ್ತಿತ್ತು.

ಕಣ್ಣಿನ ಸುತ್ತ ಮಾತ್ರ ಮರಗಟ್ಟಿಸುತ್ತಾರೆ. ಕಿವಿ ಚೆನ್ನಾಗಿ ಕೇಳುತ್ತದೆ. ಬಿಳಿ ಭಾಗದಲ್ಲಿ ಮೂರು ತೂತು: ಒಂದರಲ್ಲಿ ನೀರು, ಒಂದರಲ್ಲಿ ದೀಪ, ಒಂದರಲ್ಲಿ ನಿಮಿಷಕ್ಕೆ ಸಾವಿರಾರು ಸಲ ಕತ್ತರಿಸುವ ಸೂಜಿ. ಒಳಗಿನ ಲೋಳೆ ತೆಗೆದು, ಪಟಲವನ್ನು ಗೋಡೆಗೆ ಒತ್ತಿ, ಲೇಸರಿನಿಂದ ಹರಿದ ಅಂಚಿಗೆ ಬೆಸುಗೆ ಹಾಕಿ, ಅನಿಲ ತುಂಬುತ್ತಾರೆ. ಆರಂಭದಲ್ಲಿ ಹಿರಿಯರು ಏನೂ ಮಾತಾಡಲಿಲ್ಲ. ಆಮೇಲೆ, "ಬನ್ನಿ" ಎಂದರು. ಕುರ್ಚಿ ಸರಿದ ಸದ್ದು. "ನಿಧಾನ... ದೀಪ ಹಿಂದಕ್ಕೆ... ಅಲ್ಲೇ ನಿಲ್ಲಿ... ಸಾಕು." ಸ್ವಲ್ಪ ಹೊತ್ತಾದ ಮೇಲೆ, "ಕೊಡಿ." ಮತ್ತೆ ಕುರ್ಚಿ. ಮತ್ತೆ "ಬನ್ನಿ". ಎಷ್ಟು ಸಲ ಕುರ್ಚಿ ಸರಿಯಿತೆಂದು ಎಣಿಸುತ್ತಿದ್ದವನು ನಾಲ್ಕರ ಮೇಲೆ ತಪ್ಪಿದೆ.

ಒಂದು ವಾರ ಮುಖ ಕೆಳಗೆ ಮಾಡಿ ಕಳೆದೆ. ಮನೆಯ ನೆಲದಲ್ಲಿ ಎಷ್ಟು ಬಿರುಕುಗಳಿವೆ ಎಂಬುದು ಈಗ ನನಗೆ ಬಾಯಿಪಾಠ. ಅನಿಲ ಕರಗುವವರೆಗೆ ವಿಮಾನ ಹತ್ತಬಾರದು ಎಂದಿದ್ದರು. ಚಿಂತಾಮಣಿಯಲ್ಲಿ ಆ ಪಥ್ಯ ಕಷ್ಟವಾಗಲಿಲ್ಲ. ಗುಳ್ಳೆ ದಿನದಿನಕ್ಕೆ ಕುಗ್ಗುತ್ತ, ನೋಟದ ತಳದಲ್ಲಿ ಗೋಲಿಯಾಗಿ, ಸಾಸಿವೆಯಾಗಿ, ಒಂದು ಬೆಳಿಗ್ಗೆ ಇಲ್ಲವಾಯಿತು. ರಾಯಚೂರಿನ ಹುಡುಗ ಮತ್ತೆ ಎದೆಯ ಮೇಲೆ ಕಾಗದವಿಟ್ಟು ಬರೆದ. ರಕ್ತನಾಳಗಳ ಗೆರೆ ಬಿಟ್ಟರೆ ನೀಲಿ ಇರಲಿಲ್ಲ. ಎಡಗಣ್ಣಿಗೆ ಈಗಲೂ ದೀಪದ ಕಂಬ ಸ್ವಲ್ಪ ಸೊಂಟ ಬಾಗಿಸಿ ನಿಂತ ಹಾಗೆ ಕಾಣುತ್ತದೆ, ನಿಲ್ಲಲಿ.

ಆ ರಾತ್ರಿ ತಮ್ಮನ ಮಗಳಿಗೆ ಫೋನ್ ಮಾಡಿ ಎಲ್ಲ ಹೇಳಿ, ಕೊನೆಗೆ ಕೇಳಿದೆ: "ಅವತ್ತು ನೀನೇ ಪೂರ್ತಿ ಮಾಡಿದೆ ಅಂದೆಯಲ್ಲ, ಆತ ಹೇಗಿದ್ದಾನೆ?"

ಸ್ವಲ್ಪ ಹೊತ್ತು ಸದ್ದಿಲ್ಲ.

"ಮತ್ತೆ ಕಿತ್ತುಕೊಂಡು ಬಂತು ದೊಡ್ಡಪ್ಪ. ಯಾರು ಮಾಡಿದರೂ ಕೆಲವು ಹಾಗಾಗುತ್ತವೆ ಅಂತಾರೆ ಸರ್. ಎರಡನೇ ಸಲ ಅವರೇ ಮಾಡಿದರು. ಎಣ್ಣೆ ತುಂಬಿದಾರೆ."

"ನೀನು?"

"ಪಕ್ಕದಲ್ಲಿದ್ದೆ. ದಿನಾ ಬೆಳಿಗ್ಗೆ ಮೊದಲು ಅವರನ್ನೇ ನೋಡ್ತೀನಿ. ಆಟೋ ಓಡಿಸ್ತಾರಂತೆ."

ಬರುವ ತಿಂಗಳು ಹದಿನೆಂಟಕ್ಕೆ ಆತನ ಕಣ್ಣಿನಿಂದ ಎಣ್ಣೆ ತೆಗೆಯುತ್ತಾರೆ. ತೆಗೆದ ಮೇಲೆ ಪಟಲ ನಿಂತರೆ ನಿಂತಿತು. ಅಡಿಗೆ ಮನೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ಒಂದು ಸುತ್ತು ಹಾಕಿದ್ದೇನೆ. ಅದೇನು, ಯಾರ ತಿಥಿ ಎಂದು ಹೆಂಡತಿ ಕೇಳಿದಳು. ತಿಥಿಯಲ್ಲ, ನಮಗೆ ಬೇಕಾದವರೊಬ್ಬರ ಆಪರೇಷನ್ ಎಂದೆ.