21 ದಿನಗಳ ಲೆಕ್ಕ

ಅಮ್ಮನಿಗೆ ಸ್ತನ ಕ್ಯಾನ್ಸರ್ ಎಂದು ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ಖಚಿತವಾದ ಮೇಲೆ ನಮ್ಮ ಮನೆಯ ಪಂಚಾಂಗವೇ ಬದಲಾಯಿತು. 21 ದಿನಗಳಿಗೊಮ್ಮೆ ಕಿಮೋಥೆರಪಿ. ಬೇರಿಕೆಯಿಂದ ಬಾಗಲೂರು, ಹೊಸೂರು ದಾಟಿ ಪ್ರಯಾಣ. ಔಷಧಿ ಏರಿಸಿದ ಒಂದೆರಡು ವಾರಗಳಲ್ಲಿ ರಕ್ತದ ಬಿಳಿ ಕಣಗಳು ಕುಗ್ಗುತ್ತವೆ. ಆಗ ಜ್ವರ ಬಂದರೆ ತಡಮಾಡುವಂತಿಲ್ಲ. ಮನೆಗೆ ನೆಂಟರು ಬರುವುದು ನಿಂತಿತು, ನಾನು ಸಂತೆಗೆ ಹೋಗುವುದೂ ನಿಂತಿತು.

ಓಟ ಆರಂಭವಾದದ್ದು ಆ ದಿನಗಳಲ್ಲಿಯೇ. ಅಮ್ಮ ಏಳುವ ಮುನ್ನಿನ ಅರ್ಧ ಗಂಟೆ ಮಾತ್ರ ನನ್ನದು. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ರಾಗಿ ಹೊಲಗಳ ನಡುವಿನ ದಾರಿಯಲ್ಲಿ ಹೆಂಗಸೊಬ್ಬಳು ಓಡಿದರೆ "ಬಸ್ಸು ತಪ್ಪಿತೇನಮ್ಮಾ?" ಎನ್ನುವವರೇ ಹೆಚ್ಚು. ಕನ್ನಡ, ತಮಿಳು, ತೆಲುಗು ಮೂರರಲ್ಲಿಯೂ ಕೇಳಿದ್ದಾರೆ!

ಮೂಳೆಯ ಕ್ಯಾನ್ಸರಿನಿಂದ ಬಲಗಾಲು ಕಳೆದುಕೊಂಡಿದ್ದ ಕೆನಡಾದ ಟೆರ್ರಿ ಫಾಕ್ಸ್ 1980ರಲ್ಲಿ ಕೃತಕ ಕಾಲಿನಲ್ಲಿ 143 ದಿನ ಓಡಿ, ಸಂಶೋಧನೆಗೆ ಹಣ ಕೂಡಿಸಿದ. ನನ್ನದು ಅಂಥ ಓಟವಲ್ಲ. ಅದರಿಂದ ಅಮ್ಮನ ಗಡ್ಡೆ ಎಳ್ಳಷ್ಟೂ ಕರಗದು. ಆದರೆ ಅವರನ್ನು ಆತುಕೊಂಡು ಬಸ್ಸಿನ ಮೆಟ್ಟಿಲು ಹತ್ತಿಸುವಾಗ ಈಗ ನನಗೆ ಏದುಸಿರು ಬರುವುದಿಲ್ಲ.

ನಾಲ್ಕನೆಯ ಸುತ್ತು ಮುಗಿದ ವಾರ ಜಗಲಿಯಲ್ಲಿ ಕುಳಿತಿದ್ದ ಅಮ್ಮ, "ಇವತ್ತು ಎಲ್ಲಿವರೆಗೂ ಹೋಗಿದ್ದೆ?" ಎಂದರು. ಕೆರೆಯ ಏರಿಯವರೆಗೆ ಎಂದೆ. ಮರುದಿನ ಅವರು ಹಿತ್ತಲಿನ ನುಗ್ಗೆ ಮರದವರೆಗೆ ನಡೆದರು.